ಒಂಬತ್ತು ನಿಮಿಷದ ಬೆಳಗಾವಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಆಕಾಶದಲ್ಲಿ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್. ತಾಸಿಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಒಂಬತ್ತು ನಿಮಿಷದ ಕೆಲಸ. ಮೊಬೈಲಿನಲ್ಲಿ ಈ ಲೆಕ್ಕ ಸಿಕ್ಕ ದಿನದಿಂದ ನಮ್ಮ ಕಾಕಾ ಬಸ್ಸು ಕಂಡರೆ ಮೂಗು ಮುರಿಯುತ್ತಾರೆ. “ಚಾ ಕುದಿಯೋದ್ರಾಗ ಬೆಳಗಾವಿ ಮುಟ್ಟಬಹುದಲೇ!”

ಒಂದೇ ತೊಡಕು: ಹಾಗೆ ನೇರ ಹೋಗುವ ವಿಮಾನವೇ ಇಲ್ಲ. ಹಾರಿಯೇ ಹೋಗುತ್ತೇನೆಂದು ಹಟ ಹಿಡಿದವರು ದೇವನಹಳ್ಳಿಗೆ ಪ್ರದಕ್ಷಿಣೆ ಹಾಕಿ, ಆಕಾಶದಲ್ಲೇ 800 ಕಿ.ಮೀ. ಸುತ್ತಿ ಬರಬೇಕು. ಕಾಕಾ ಜಗ್ಗಲಿಲ್ಲ. “ಇಂದಿಲ್ಲಾ ನಾಳೆ ಬಿಡ್ತಾರ ತಗೋ.”

ಬಿಟ್ಟರು ಅಂತಲೇ ಇಟ್ಟುಕೊಳ್ಳೋಣ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಎರಡೂ ಊರಿನ ರನ್‌ವೇ ಮಲಗಿರುವುದು ಪೂರ್ವ-ಪಶ್ಚಿಮಕ್ಕೆ. ಬೆಳಗಾವಿ ಇರುವುದು ವಾಯವ್ಯಕ್ಕೆ. ಮೂಡಗಾಳಿ ಬೀಸಿದ ದಿನ ಬೆಳಗಾವಿಗೆ ಹೊರಟವರು ಮೊದಲು ಗದಗಿನ ಕಡೆ ಮುಖ ಮಾಡಬೇಕಾಗುತ್ತದೆ. ಟಿಕೆಟಿನಲ್ಲಿ ಅಚ್ಚಾಗುವ ಸಮಯವೂ ಬರೀ ಹಾರಾಟದ್ದಲ್ಲ. ನಿಂತಲ್ಲಿಂದ ಕದಲಿದ ಗಳಿಗೆಯಿಂದ ಅತ್ತ ಹೋಗಿ ನಿಲ್ಲುವವರೆಗಿನ ತೆವಳಾಟವೆಲ್ಲ ಅದರ ಲೆಕ್ಕಕ್ಕೇ ಸೇರುತ್ತದೆ. ಎಲ್ಲಕ್ಕೂ ಮುಂಚೆ ಬೆಲ್ಟು ಬಿಚ್ಚು, ಕಿಸೆ ಖಾಲಿ ಮಾಡು, ಕೈ ಎತ್ತಿ ನಿಲ್ಲು. ಇದಕ್ಕಾಗಿ ಎರಡು ತಾಸು ಮೊದಲೇ ಬನ್ನಿ ಅನ್ನುತ್ತಾರೆ. ಅಷ್ಟರಲ್ಲಿ ಧಾರವಾಡ, ಕಿತ್ತೂರು ದಾಟಿದ ಬಸ್ಸು ಬೆಳಗಾವಿಯಲ್ಲಿ ಜನರನ್ನು ಇಳಿಸುತ್ತಿರುತ್ತದೆ.

ಹಾಗಂತ ಸಣ್ಣ ದೂರಕ್ಕೆ ವಿಮಾನವೇ ಇಲ್ಲವೆಂದಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 1967ರಿಂದ ವಿಮಾನವಿದೆ. ದೂರ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಒಮ್ಮೆ 53 ಸೆಕೆಂಡಿನಲ್ಲೇ ಮುಟ್ಟಿದ್ದೂ ಉಂಟು. ಇದನ್ನು ಕಾಕಾಗೆ ಹೇಳಬಾರದಿತ್ತು.

“ನೋಡಪಾ, ಅವರಿಗೆ ಹಿಂಗ ಹೋಗಿ ಹಂಗ ಬರಾಕೂ ವಿಮಾನ!”

“ಅಲ್ಲಿ ನಡುವ ಸಮುದ್ರ ಐತಿ ಕಾಕಾ.”

“ಮಳಿಗಾಲದಾಗ ನಮ್ಮ ಓಣಿ ನೋಡಿಯಿಲ್ಲೋ?”

ಮೊನ್ನೆ ಬೆಳಗಾವಿಯಲ್ಲಿ ನೆಂಟರ ಮದುವೆ. ಆಟೋ ಬಾಗಿಲಿಗೆ ಬಂದು ನಿಂತಿತ್ತು. ಕಾಕಾ ಕೀಲಿ ಹಾಕಿ ಜಗ್ಗಿ ನೋಡಿದರು. ಎರಡು ಹೆಜ್ಜೆ ಇಟ್ಟು, ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಕೀಲಿ ತೆಗೆದು ಒಳಗೆ ಹೋದರು. ಹೊರಬಂದು ಕೀಲಿ ಹಾಕಿದ ಮೇಲೆ ಚಷ್ಮಾ ನೆನಪಾಯಿತು. ಅದು ಸಿಕ್ಕ ಮೇಲೆ ಮಫ್ಲರ್. ಮದುವೆಯ ಆಹೇರಿ ಇನ್ನೂ ಟ್ರೆಜರಿಯಲ್ಲೇ ಇತ್ತು. ನಿಲ್ದಾಣ ಮುಟ್ಟುವಾಗ, ನಾವು ಹತ್ತಬೇಕಿದ್ದ ಬಸ್ಸು ಗೇಟು ದಾಟಿ ಹೊರಬೀಳುತ್ತಿತ್ತು.

ಕಾಕು ಸೀರೆಯ ನೆರಿಗೆ ಸರಿಮಾಡಿಕೊಂಡು ಕಟ್ಟೆಯ ಮೇಲೆ ನಿರುಮ್ಮಳವಾಗಿ ಕೂತರು.

“ವಿಮಾನ ಇಲ್ಲದ್ದು ಪಾಡ ಆತ್ರಿ. ಇದ್ದಿದ್ರ ಅಕ್ಷತಾಕ್ಕ ನಾಳೆನ ಹೋಗಬೇಕಾಗತಿತ್ತು. ಬಸ್ಸಂದ್ರ, ಹೋತಂದ್ರ ಇನ್ನೊಂದ ಬರತೈತಿ.”