ವಾಲಿಸುವ ಶಾಸ್ತ್ರ

ಎರಡು ಸ್ಟ್ರೋಕಿನ ಹಳೆಯ ಮೊಪೆಡ್ಡು ಮತ್ತು ಸ್ಕೂಟರುಗಳನ್ನು ವಾಹನಗಳೆಂದು ವರ್ಗೀಕರಿಸುವ ರೂಢಿ ಸರ್ಕಾರಿ ಕಾಗದಪತ್ರಗಳಲ್ಲಿ ಇಂದಿಗೂ ಉಳಿದಿದೆಯಾದರೂ, ಅವನ್ನು ಮನೆಯಲ್ಲಿಟ್ಟುಕೊಂಡವರ ದಿನಚರಿಯನ್ನು ಹತ್ತಿರದಿಂದ ಕಂಡವರು ಈ ವರ್ಗೀಕರಣವನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ವಾಹನವೆಂದರೆ ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಸಾಧನ. ಇವಾದರೋ ಒಡೆಯನನ್ನು ಮನೆಯ ಮುಂದಿನ ಚಪ್ಪಡಿಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿ, ಒಂದು ಕೈಗೆ ಪಾನಾವನ್ನೂ ಇನ್ನೊಂದಕ್ಕೆ ಚಿಂದಿಬಟ್ಟೆಯನ್ನೂ ಕೊಟ್ಟು, ಇಡೀ ಭಾನುವಾರ ಅವನು ಎಲ್ಲಿಗೂ ಹೋಗದಂತೆ ನೋಡಿಕೊಳ್ಳುವ ಸಾಧನಗಳು. ಹೀಗಿದ್ದೂ ಆ ಹೊತ್ತಿನಲ್ಲಿ ಅವನ ಮುಖದ ಮೇಲೆ ಕಾಣುವ ನೆಮ್ಮದಿಯು, ಗುಂಡಿ ಒತ್ತಿದೊಡನೆ ಹೊರಟುಬಿಡುವ ಹೊಸ ವಾಹನಗಳ ಒಡೆಯರಲ್ಲಿ ಕಂಡುಬರದಿರುವುದು ವಿಚಾರಾರ್ಹವಾದ ಸಂಗತಿ. ಪ್ರಬಂಧಕಾರನೂ ಇಂಥದೊಂದು ಮೊಪೆಡ್ಡಿನ ಒಡೆಯನಾಗಿರುವುದರಿಂದ ಮುಂದಿನ ವಿವೇಚನೆಯಲ್ಲಿ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೊಪೆಡ್ ಎಂದರೆ ಸೈಕಲ್ಲಿನಂತೆ ತುಳಿಯಲು ಪೆಡಲುಗಳಿದ್ದು, ತುಳಿಯದೆಯೂ ಮುಂದೆ ಹೋಗಲೆಂದು ಸುಮಾರು ಐವತ್ತು ಸಿಸಿಯ, ಅಂದರೆ ಒಂದು ಸಣ್ಣ ಕಾಫಿ ಲೋಟದಲ್ಲಿ ಹಿಡಿಸುವಷ್ಟು ಗಾತ್ರದ ಸಿಲಿಂಡರನ್ನು ಹೊತ್ತ ಬಂಡಿ. 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಸಂಸ್ಥೆಯು ಇಟಲಿಯ ಪಿಯಾಜಿಯೋದವರ ಚಾವ್ ಎಂಬ ಮಾದರಿಯನ್ನು ಅನುಸರಿಸಿ ಲೂನಾವನ್ನು ತಂದಿತು. ತಿರುಪತಿಯಿಂದ ಸುವೇಗಾ ಬಂದಿತು. 1980ರಲ್ಲಿ ಬೆಂಗಳೂರಿನ ಗಡಿಯಾಚೆಯ ಹೊಸೂರಿನಲ್ಲಿ ತಯಾರಾದ ಟಿವಿಎಸ್ 50, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ಸವಲತ್ತನ್ನು ಮೊಪೆಡ್ಡಿಗೆ ಒದಗಿಸಿ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾಳೆಗೊನೆ, ಮೇಷ್ಟರು, ಮೇಷ್ಟರ ಮನೆಯವರು ಎಲ್ಲರನ್ನೂ ಒಂದೇ ಸೀಟಿನ ಆಸುಪಾಸಿನಲ್ಲಿ ಹೊಂದಿಸುವ ಕಲೆಯನ್ನು ನಾಡಿಗೆ ಕಲಿಸಿತು. ಸ್ಕೂಟರಿನ ವಂಶಾವಳಿ ಇದಕ್ಕಿಂತ ಘನವಾದುದು. ವಿಮಾನಗಳ ಎಂಜಿನಿಯರಾಗಿದ್ದ, ಮೋಟಾರ್ ಸೈಕಲ್ಲೆಂದರೆ ಮೂಗು ಮುರಿಯುತ್ತಿದ್ದ ಕೊರಾಡಿನೊ ದಾಸ್ಕಾನಿಯೊ ಎಂಬಾತ 1946ರಲ್ಲಿ ರೂಪಿಸಿದ ವೆಸ್ಪಾದ ಸಂತತಿಯೇ 1972ರಲ್ಲಿ ಬಜಾಜ್ ಚೇತಕ್ ಎಂಬ ಹೆಸರಿನಿಂದ ನಮ್ಮಲ್ಲಿ ನೆಲೆಗೊಂಡಿತು. ಅದಕ್ಕಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾದದ್ದು ಎಲ್ಲರಿಗೂ ತಿಳಿದಿರುವುದರಿಂದ ಆ ವಿಷಯವನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಇವುಗಳ ಎಂಜಿನ್ನಿನ ವಿಷಯದಲ್ಲಿ ಮಾತ್ರ ಸ್ವಲ್ಪ ವಿವರ ಅಗತ್ಯ. ಎರಡು ಸ್ಟ್ರೋಕಿನ ಎಂಜಿನ್ನೆಂದರೆ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಇಂಧನವನ್ನು ಒಳಗೆಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರದಬ್ಬುವ ಕೆಲಸಗಳೆಲ್ಲ ಮುಗಿಯಬೇಕಾದಂಥದು. ಅದಕ್ಕೆ ವಾಲ್ವುಗಳಿಲ್ಲ, ಪಿಸ್ಟನ್ನಿಗೆ ಎಣ್ಣೆ ಒದಗಿಸುವ ಪ್ರತ್ಯೇಕ ತೊಟ್ಟಿಯೂ ಇಲ್ಲವಾದ್ದರಿಂದ ಎಣ್ಣೆಯನ್ನು ಪೆಟ್ರೋಲಿಗೇ, ಸಾಮಾನ್ಯವಾಗಿ ಲೀಟರಿಗೆ 20ರಿಂದ 40 ಮಿಲಿಲೀಟರಿನಷ್ಟು, ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಇದಕ್ಕೆ ಸೀಜ್ ಆಗುವುದೆಂದು ಹೆಸರು. ಹೆಚ್ಚಾದರೆ ಉರಿಯದೆ ಉಳಿದ ಎಣ್ಣೆಯು ಪ್ಲಗ್ಗಿನ ಮೂತಿಯಲ್ಲೂ ಸೈಲೆನ್ಸರಿನ ಗಂಟಲಲ್ಲೂ ಕಾರ್ಬನ್ ಆಗಿ ಕಟ್ಟಿಕೊಳ್ಳುತ್ತದೆ. ಸೀಜ್ ಆದರೆ ಬೋರ್ ಮಾಡಿಸಬೇಕು, ಹೊಸ ಪಿಸ್ಟನ್ ಹಾಕಿಸಬೇಕು, ಅಂದರೆ ದುಡ್ಡು ಬಿಚ್ಚಬೇಕು. ಕಾರ್ಬನ್ ಕಟ್ಟಿದರೆ ಕೆರೆದರಾಯಿತು. ಈ ಲೆಕ್ಕಾಚಾರದಿಂದ ಒಡೆಯನು ಸದಾ ಒಂದು ತೊಟ್ಟು ಎಣ್ಣೆಯನ್ನು ಹೆಚ್ಚಾಗಿಯೇ ಹಾಕುತ್ತಾನೆ, ಮತ್ತು ತನ್ನ ಆಯುಷ್ಯದ ಗಣನೀಯ ಭಾಗವನ್ನು ಕೆರೆಯುವುದರಲ್ಲಿ ಕಳೆಯುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಚೇತಕ್ ಮತ್ತು ಅದರ ದಾಯಾದಿ ಸ್ಕೂಟರುಗಳು ಕಿಕ್ಕಿಗೆ ಸ್ಪಂದಿಸದಿದ್ದಾಗ ಅವುಗಳನ್ನು ಒಂದು ಪಕ್ಕಕ್ಕೆ, ನೆಲಕ್ಕೆ ಇನ್ನೇನು ತಾಗಿತೆನ್ನುವಷ್ಟು, ವಾಲಿಸಿ ಹಿಡಿದು ಮತ್ತೆ ನೆಟ್ಟಗೆ ನಿಲ್ಲಿಸುವ ಕ್ರಿಯೆಯು ಭಾರತದಾದ್ಯಂತ ಆಚರಣೆಯಲ್ಲಿದ್ದು, ಯಾವ ಮಾಲೀಕರ ಕೈಪಿಡಿಯ ಬೆಂಬಲವನ್ನೂ ಬಯಸದೆ ತಂದೆಯಿಂದ ಮಗನಿಗೆ ಸಾಗಿಬಂದಿದೆ. ಇದರ ವಿಧಿ ಹೀಗೆ: ಪೆಟ್ರೋಲ್ ಕಾಕನ್ನು ತೆರೆಯಬೇಕು, ಹ್ಯಾಂಡಲನ್ನು ಒಂದು ಕೈಯಲ್ಲೂ ಹಿಂದಿನ ಸೀಟಿನ ಹಿಡಿಯನ್ನು ಇನ್ನೊಂದರಲ್ಲೂ ಭದ್ರವಾಗಿ ಹಿಡಿಯಬೇಕು, ಸೊಂಟವನ್ನು ಒಂದಿಷ್ಟು ಬಾಗಿಸಿ ಸ್ಕೂಟರಿನ ಭಾರವನ್ನೆಲ್ಲ ತೊಡೆಯ ಮೇಲೆ ತಂದುಕೊಳ್ಳಬೇಕು, ಆ ಭಂಗಿಯಲ್ಲಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಎಣಿಸುವಾಗ ಎದುರುಮನೆಯವರ ಕಣ್ಣು ತಪ್ಪಿಸಬೇಕು, ಅನಂತರ ನೆಟ್ಟಗೆ ನಿಲ್ಲಿಸಿ, ಎಕ್ಸಿಲೇಟರನ್ನು ಒಮ್ಮೆ ಪೂರ್ತಿ ತಿರುಗಿಸಿ ಬಿಟ್ಟು, ಕಿಕ್ ಹೊಡೆಯಬೇಕು. ಹತ್ತಿಕೊಳ್ಳದಿದ್ದರೆ ಮೊದಲಿನಿಂದ.

ಕ್ರಿಯೆಯ ವಿಷಯದಲ್ಲಿ ಒಮ್ಮತವಿದ್ದರೂ ಅದರ ಫಲ ಎಂಥದು, ಅದು ಹೇಗೆ ಒದಗುತ್ತದೆ ಎಂಬ ಬಗ್ಗೆ ಪಂಥಭೇದಗಳಿವೆ. ಮೊದಲನೆಯ ಪಂಥದವರ ಪ್ರಕಾರ ಟ್ಯಾಂಕಿನ ಮೂಲೆಯಲ್ಲಿ ಸಿಕ್ಕಿಕೊಂಡ ಪೆಟ್ರೋಲು ವಾಲಿಸಿದಾಗ ಪೈಪಿನ ಕಡೆಗೆ ಹರಿಯುತ್ತದೆ. ಟ್ಯಾಂಕ್ ತುಂಬಿದ್ದಾಗಲೂ ವಾಲಿಸುವುದೇಕೆ ಎಂಬ ಆಕ್ಷೇಪಕ್ಕೆ ಇವರಲ್ಲಿ ಉತ್ತರವಿಲ್ಲ. ಟ್ಯಾಂಕ್ ತುಂಬಿಸುವ ಪ್ರಸಂಗ ತಮಗೆ ಬಂದೇ ಇಲ್ಲವೆಂದು ಕೆಲವರು ಹೇಳುವುದುಂಟು. ಎರಡನೆಯ ಪಂಥದವರು, ರಾತ್ರಿಯಿಡೀ ನಿಂತ ಬಂಡಿಯಲ್ಲಿ ಎಣ್ಣೆಯು ತಳಕ್ಕಿಳಿದು ಪೆಟ್ರೋಲಿನಿಂದ ಬೇರೆಯಾಗಿರುವುದರಿಂದ ಕುಲುಕಿ ಬೆರೆಸುವುದೇ ವಾಲಿಸುವುದರ ಉದ್ದೇಶವೆನ್ನುತ್ತಾರೆ. ಕುಲುಕುವುದು ಬೇರೆ, ವಾಲಿಸಿ ಸ್ಥಿರವಾಗಿ ಹಿಡಿಯುವುದು ಬೇರೆ ಎಂಬ ಒಂದೇ ಮಾತಿನಿಂದ ಈ ಪಕ್ಷ ಬಿದ್ದುಹೋಗುತ್ತದೆ. ಮೂರನೆಯದು ಕಾರ್ಬೊರೇಟರ್ ಪಂಥ. ಶಾಸ್ತ್ರದ ಬಲವಿರುವುದು ಇದಕ್ಕೇ. ಕಾರ್ಬೊರೇಟರೆಂದರೆ ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸುವ ಪಾತ್ರೆ. ಅದರೊಳಗೆ ತೇಲುವ ಫ್ಲೋಟ್ ಎಂಬ ಬುರುಡೆಯೊಂದು ಪೆಟ್ರೋಲಿನ ಮಟ್ಟ ಏರಿದಂತೆ ಮೇಲೆದ್ದು, ಸೂಜಿಯಾಕಾರದ ಬಿರಡೆಯಿಂದ ಒಳಬರುವ ದಾರಿಯನ್ನು ಮುಚ್ಚುತ್ತದೆ. ಬಂಡಿಯನ್ನು ವಾಲಿಸಿದಾಗ ಫ್ಲೋಟು ತನ್ನ ಮಟ್ಟದ ಲೆಕ್ಕ ತಪ್ಪಿ, ಬಿರಡೆ ಸಡಿಲಗೊಂಡು, ಹದಕ್ಕಿಂತ ಹೆಚ್ಚಿನ ಪೆಟ್ರೋಲು ಎಂಜಿನ್ನಿನ ಬಾಯಿಗೆ ತುಳುಕುತ್ತದೆ. ತಣ್ಣಗಿರುವ ಎಂಜಿನ್ನಿಗೆ ಬೇಕಾದದ್ದೂ ಅದೇ. ಈ ಕೆಲಸಕ್ಕೆಂದೇ ಚೋಕ್ ಎಂಬ ಪ್ರತ್ಯೇಕ ಗುಂಡಿ ಇದೆಯಲ್ಲ ಎಂದು ಕೇಳುವವರು ಹಳೆಯ ಸ್ಕೂಟರಿನ ಚೋಕ್ ವೈರನ್ನು ಒಮ್ಮೆ ಎಳೆದು ನೋಡಬೇಕು. ಗುಂಡಿ ಕೈಗೇ ಬರುತ್ತದೆ.

ವಾಲಿಸಬೇಕಾದದ್ದು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಯಂತೂ ಶ್ರೀವೈಷ್ಣವರಲ್ಲಿ ವಡಗಲೈ ತೆಂಗಲೈ ಪಂಗಡಗಳ ನಾಮದ ವ್ಯಾಜ್ಯದಂತೆ ಮುಗಿಯುವಂಥದಲ್ಲ. ಎಂಜಿನ್ನಿರುವುದು ಬಲಗಡೆ, ಹೀಗಾಗಿ ಬಲಕ್ಕೇ ಎಂದು ಒಂದು ಕಡೆಯವರು. ಭಾರ ಬಲಗಡೆ ಇರುವುದರಿಂದಲೇ ಆ ಕಡೆ ವಾಲಿಸಿದರೆ ಮೇಲೆತ್ತಲು ನೆರೆಹೊರೆಯವರನ್ನು ಕರೆಯಬೇಕಾಗುತ್ತದೆ, ಆದ್ದರಿಂದ ಎಡಕ್ಕೆ ಎಂದು ಇನ್ನೊಂದು ಕಡೆಯವರು. ಎರಡೂ ಕಡೆಗೆ ವಾಲಿಸುವ ಸಮನ್ವಯವಾದಿಗಳೂ ಇದ್ದಾರೆ. ಒಂದು ಸಂಗತಿಯನ್ನು ಮಾತ್ರ ಎಲ್ಲ ಪಂಥಗಳೂ ಕಡೆಗಣಿಸಿವೆ: ಮದುವೆಯ ಮುಹೂರ್ತಕ್ಕೆ ಹೊರಟ ಒಡೆಯನು ಇಸ್ತ್ರಿಯ ಅಂಗಿಯಲ್ಲಿ ಸ್ಕೂಟರನ್ನು ವಾಲಿಸಿ ಹತ್ತು ಎಣಿಸುತ್ತಿರುವಾಗ, ರೇಷ್ಮೆ ಸೀರೆಯುಟ್ಟು ಗೇಟಿನ ಬಳಿ ನಿಂತ ಹೆಂಡತಿಯು ಎಣಿಕೆ ಏಳಕ್ಕೆ ಬರುವಷ್ಟರಲ್ಲಿ "ರೀ, ಆಟೋ ಕರೀಲಾ?" ಎಂದು ಕೇಳುವುದು, ಎಣಿಕೆ ತಪ್ಪುವುದು, ಮತ್ತೆ ಒಂದರಿಂದ ಆರಂಭವಾಗುವುದು. ಹತ್ತು ಪೂರ್ತಿಯಾಗದ ವಾಲಿಕೆಯಿಂದ ಸ್ಕೂಟರು ಹತ್ತಿಕೊಳ್ಳುವುದಿಲ್ಲವೆಂಬುದು ಒಡೆಯರ ದೃಢ ನಂಬಿಕೆಯಾಗಿರುವುದರಿಂದ, ಅನೇಕ ಮದುವೆಗಳಲ್ಲಿ ಅಕ್ಷತೆಗೆ ತಪ್ಪಿದವರು ಊಟಕ್ಕೆ ಮಾತ್ರ ಒದಗಿದ್ದರ ಹೊಣೆಯನ್ನು ಸ್ಕೂಟರಿನ ಮೇಲೆ ಹೊರಿಸಲಾಗದು.

ವಾಲಿಸಿದರೂ ಹತ್ತದಿದ್ದರೆ ಪ್ಲಗ್ ಬಿಚ್ಚುವುದು ಮುಂದಿನ ಹಂತ. ಬೆಂಗಳೂರಿನ ಆಡುಗೋಡಿಯ ಮೈಕೋ ಸಂಸ್ಥೆಯ ಪ್ಲಗ್ಗು ಹಿಂದೆ ಎಷ್ಟು ಮನೆಮಾತಾಗಿತ್ತೆಂದರೆ, 1951ರಲ್ಲಿ ಆರಂಭವಾದ ಆ ಸಂಸ್ಥೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೇಲೂ ಅಂಗಡಿಯಲ್ಲಿ ಕೆಲವರು ಕೇಳುವುದು ಮೈಕೋ ಪ್ಲಗ್ಗನ್ನೇ. ಪ್ಲಗ್ಗಿನ ಮೂತಿಯನ್ನು ಎಮರಿ ಕಾಗದದಿಂದ ಉಜ್ಜಿ, ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆದಾಗ ನೀಲಿ ಕಿಡಿ ಹಾರಿದರೆ ಕರೆಂಟು ಬರುತ್ತಿದೆಯೆಂದು ಅರ್ಥ. ಹಿಡಿದವನೇ ಹಾರಿದರೆ ಆಗಲೂ ಅದೇ ಅರ್ಥ. ಕಿಡಿ ಬಾರದಿದ್ದರೆ ದೋಷವಿರುವುದು ಪಾಯಿಂಟಿನಲ್ಲಿ, ಎಂದರೆ ಮ್ಯಾಗ್ನೆಟ್ಟಿನೊಳಗೆ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ತುಟಿಗಳಲ್ಲಿ. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆಯಿರಬೇಕು. ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ಉಪಕರಣವಿದ್ದರೂ ರೂಢಿಯಲ್ಲಿ ಬಳಕೆಯಾಗುವುದು ಯಾರದೋ ವಿಸಿಟಿಂಗ್ ಕಾರ್ಡು. ಪ್ರಬಂಧಕಾರನ ಪರ್ಸಿನಲ್ಲಿ ಎಲ್‌ಐಸಿ ಏಜೆಂಟರೊಬ್ಬರ ಕಾರ್ಡು ಭದ್ರವಾಗಿರುವುದಕ್ಕೆ ಇದಲ್ಲದೆ ಬೇರೆ ಕಾರಣವಿಲ್ಲ.

ಸೈಲೆನ್ಸರಿನ ಕಾರ್ಬನ್ನನ್ನು ತೆಗೆಯಲು ಅದನ್ನು ಬೆಂಕಿಯಲ್ಲಿ ಕಾಯಿಸುವುದೇ ಹಿಂದಿನ ಮದ್ದು. ಸೌದೆ ಒಲೆಯಿದ್ದ ಬಚ್ಚಲುಮನೆಗಳಲ್ಲಿ ಹಂಡೆಯ ಕೆಳಗೆ ಸೈಲೆನ್ಸರು ಹೂತು, ನೀರು ಕಾಯುವಷ್ಟರಲ್ಲಿ ಅದರ ಗಂಟಲೂ ಸ್ವಚ್ಛವಾಗುವ ಈ ದ್ವಿಮುಖ ಪ್ರಯೋಜನವನ್ನು ಪ್ರಬಂಧಕಾರನು ಮುಕ್ತಕಂಠದಿಂದ ಹೊಗಳುತ್ತಾನಾದರೂ, ಅಂದು ಮಿಂದವರ ತಲೆಕೂದಲಿನಿಂದ ಮೂರು ದಿನ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತೆಂಬ ಮನೆಯವರ ಹೇಳಿಕೆಯನ್ನು ದಾಖಲಿಸದಿರುವುದು ಧರ್ಮವಲ್ಲ.

ದಾರಿಯಲ್ಲಿ ಕೆಟ್ಟು ನಿಂತಾಗ ಸೇರುವ ಸಲಹೆಗಾರರನ್ನಾದರೂ ಸಹಿಸಬಹುದು. ಅವರು ತಮ್ಮ ತಂದೆಯ ಸ್ಕೂಟರನ್ನು ನೆನೆದು ಒಂದು ಕಿಕ್ ಹೊಡೆದು ಹೋಗುತ್ತಾರೆ. ಸಹಿಸಲಾಗದವರು ಇತ್ತೀಚಿನ ಅಲಂಕಾರಪ್ರಿಯರು. ಇವರು ಗುಜರಿಯಿಂದ ಹಳೆಯ ಸ್ಕೂಟರನ್ನು ತಂದು, ಪಿಸ್ತಾ ಬಣ್ಣ ಬಳಿದು, ಕನ್ನಡಿಯ ಕಡ್ಡಿಗೆಲ್ಲ ಕ್ರೋಮ್ ಹಾಕಿಸಿ, ಕಾಫಿ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿ, ಅದರ ಡಿಕ್ಕಿಯಲ್ಲಿ ಮನಿಪ್ಲಾಂಟ್ ನೆಡುತ್ತಾರೆ. ಪ್ಲಗ್ ಬಿಚ್ಚಿಡಲು, ಚಿಂದಿಬಟ್ಟೆ ತುರುಕಲು, ಸಂಕಟಕಾಲಕ್ಕೆಂದು ಎಣ್ಣೆಯ ಶೀಸೆ ಬಚ್ಚಿಡಲು ಇದ್ದ ಜಾಗದಲ್ಲಿ ಗಿಡ ಬೆಳೆಸುವುದನ್ನು ಸಂರಕ್ಷಣೆಯೆಂದು ಕರೆಯುವವರೊಡನೆ ವಾದಿಸಿ ಫಲವಿಲ್ಲ.

ಆದರೆ ಹಳೆಯದನ್ನು ಹೊಗಳುವಾಗ ಬಿಟ್ಟುಬಿಡಲಾಗದ ಒಂದು ಮಾತಿದೆ. ಉಸ್ತಾದರೆನಿಸಿಕೊಂಡ ಮೆಕ್ಯಾನಿಕ್ಕುಗಳ ಗ್ಯಾರೇಜುಗಳಲ್ಲಿ ಕಾರ್ಬೊರೇಟರಿನ ಜೆಟ್ಟನ್ನು, ಅಂದರೆ ಪೆಟ್ರೋಲು ಚಿಮ್ಮುವ ಕೂದಲೆಳೆಯಷ್ಟು ಸಣ್ಣ ರಂಧ್ರದ ಹಿತ್ತಾಳೆಯ ತುಣುಕನ್ನು, ಬಾಯಲ್ಲಿಟ್ಟು ಊದಿ ಕಸ ತೆಗೆಯುತ್ತಿದ್ದವರು, ಬಿಚ್ಚಿದ ಭಾಗಗಳನ್ನು ತಟ್ಟೆಯಲ್ಲಿ ಪೆಟ್ರೋಲು ಸುರಿದು ಬರಿಗೈಯಲ್ಲಿ ತೊಳೆಯುತ್ತಿದ್ದವರು, ಸಂಜೆ ಅದೇ ಪೆಟ್ರೋಲಿನಲ್ಲಿ ಕೈಯ ಮಸಿ ತೆಗೆದುಕೊಳ್ಳುತ್ತಿದ್ದವರು ಬಹುಪಾಲು ಹತ್ತು ಹನ್ನೆರಡು ವರ್ಷದ ಹುಡುಗರು. ದೇಶದಾದ್ಯಂತ ಸೀಸರಹಿತ ಪೆಟ್ರೋಲು ಕಡ್ಡಾಯವಾದದ್ದು 2000ದ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತವು ಚರ್ಮದ ಮೂಲಕವೂ ದೇಹವನ್ನು ಸೇರಬಲ್ಲಂಥದು, ಮತ್ತು ಸೀಸದಿಂದ ಹೆಚ್ಚು ಹಾನಿಗೊಳಗಾಗುವುದು ಬೆಳೆಯುವ ಮಕ್ಕಳ ಮಿದುಳು. ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, "ಬೇಗ ಮುಗಿಸಪ್ಪ" ಎಂದು ಆ ಹುಡುಗರಿಗೆ ಹೇಳುತ್ತಿದ್ದ ಗಿರಾಕಿಗಳಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ ಸ್ಟೂಲಿನಿಂದ ಏಳುತ್ತಿದ್ದರೆಂದು ಹೇಳುವ ಧೈರ್ಯ ಪ್ರಬಂಧಕಾರನಿಗಿಲ್ಲ. ಹೊಗೆಯ ವಿಷಯವೂ ಹಾಗೆಯೇ: ಎರಡು ಸ್ಟ್ರೋಕಿನ ಎಂಜಿನ್ನು ಒಳಗೆಳೆದ ಇಂಧನದ ಒಂದು ಪಾಲನ್ನು ಉರಿಸದೆಯೇ ಹಿಂದೆ ಬರುವವರ ಮುಖಕ್ಕೆ ಬಿಡುತ್ತದೆ, ಮತ್ತು ಅದರ ವಾಸನೆಯನ್ನು ಆಘ್ರಾಣಿಸಿ ಬಾಲ್ಯವನ್ನು ನೆನೆಯುವವನು ಸದಾ ಮುಂದೆ ಕೂತಿರುತ್ತಾನೆ.

ಕಾನೂನಿನ ಪ್ರಕಾರ ಖಾಸಗಿ ವಾಹನದ ನೋಂದಣಿಯು ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣಗೊಳ್ಳಬೇಕು; ಅದಕ್ಕೆ ವಾಹನವು ಖುದ್ದಾಗಿ ಹಾಜರಾಗಬೇಕು. ಇಲ್ಲಿ ಮೊಪೆಡ್ಡಿಗೆ ಸ್ಕೂಟರಿಗಿಲ್ಲದ ಒಂದು ಅನುಕೂಲವಿದೆ, ಎಂಜಿನ್ನು ಸಹಕರಿಸದಿದ್ದರೂ ತುಳಿದುಕೊಂಡು ಹೋಗಬಹುದು. ಅರ್ಜಿಯೊಡನೆ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನೂ ಲಗತ್ತಿಸುವ ಪದ್ಧತಿಯಿದ್ದು, ಪ್ರಬಂಧಕಾರನ ಮೊಪೆಡ್ಡಿನಲ್ಲಿ ಆ ನಂಬರು ಎಲ್ಲಿದೆಯೆಂದು ಹುಡುಕುವುದಕ್ಕೇ ಒಂದು ಬೆಳಗ್ಗೆ ಬೇಕಾಯಿತು. ಮೇಲೆ ಗ್ರೀಸು ಮತ್ತು ಮಣ್ಣಿನ ಹೆಪ್ಪು, ಅದರ ಕೆಳಗೆ ನೀಲಿ ಬಣ್ಣ, ಅದರ ಕೆಳಗೆ ಹಿಂದಿನ ಒಡೆಯನ ಕಾಲದ ಹಸಿರು, ಅದರ ಕೆಳಗೆ ತುಕ್ಕು. ಇವೆಲ್ಲವನ್ನೂ ದಾಟಿ ಗ್ಯಾರೇಜಿನ ಉಸ್ತಾದರು ಎಮರಿ ಕಾಗದದಿಂದ ಉಜ್ಜುತ್ತ ಹೋದಂತೆ ಅಂಕಿಗಳು ಒಂದೊಂದಾಗಿ ಮೂಡಿ, ಕೊನೆಯದು 3 ಇರಬಹುದೇ 8 ಇರಬಹುದೇ ಎಂಬಲ್ಲಿಗೆ ನಿಂತವು. ಆರ್‌ಸಿ ಪುಸ್ತಕದಲ್ಲಿ ಅದೇ ಜಾಗದ ಮೇಲೆ ಎಂದೋ ಎಣ್ಣೆ ಚೆಲ್ಲಿತ್ತು. ಇನ್ನೊಂದು ಸಲ ಉಜ್ಜಿ ನೋಡಿದರೆ ಖಚಿತವಾದೀತೆಂದು ಪ್ರಬಂಧಕಾರನು ಸೂಚಿಸಲಾಗಿ, ಉಸ್ತಾದರು ಕಾಗದವನ್ನು ಕೆಳಗಿಟ್ಟು, "ಸದ್ಯಕ್ಕೆ ಎಂಟು ಐತೆ ಸಾರ್. ಇನ್ನೊಂದು ಸಲ ಉಜ್ಜಿದ್ರೆ ಮೂರಾಗ್ತದೆ, ಯಾವುದು ಬೇಕು ಹೇಳಿ" ಎಂದರು.