ಹತ್ತೇ ನಿಮಿಷದ ಗಂಡ

ಮದುವೆಯಾಗಿ ಇನ್ನೂ ವರ್ಷ ತುಂಬದ ಗಂಡಸನ್ನು ಕಾರವಾರದ ಮೀನುಪೇಟೆಯಲ್ಲಿ ಗುರುತಿಸುವುದು ಸುಲಭ. ಉಳಿದವರು ಮೀನಿನ ಕಿವಿರು ಎತ್ತಿ ನೋಡುತ್ತಾರೆ, ಇವನು ಮೊಬೈಲ್ ಎತ್ತಿ ಟೈಮು ನೋಡುತ್ತಾನೆ. ಬಂಗಡೆ ತಾಜಾ ಹೌದೋ ಅಲ್ಲವೋ ಅವನಿಗೆ ತಿಳಿಯುವುದಿಲ್ಲ. ಕೇಳಿದರೆ ಮೀನು ಮಾರುವ ಬಾಯಿ ಬೈಯುತ್ತಾಳೆ ಎಂಬುದಷ್ಟು ತಿಳಿದಿದೆ. ಆದ್ದರಿಂದ ಚೌಕಾಶಿಗೆ ಇಳಿಯುವುದಿಲ್ಲ, "ಕೊಯ್ದು ಕೊಡ್ತೀರಾ?" ಎಂದಷ್ಟೇ ಕೇಳುತ್ತಾನೆ. ಪಕ್ಕದಲ್ಲಿ ಗುರುತಿನವರು ಯಾರಾದರೂ ನಿಂತಿದ್ದರೆ, ಅವರು ಕೇಳದಿದ್ದರೂ ಹೇಳುತ್ತಾನೆ: "ಇವತ್ತು ಅಡಿಗೆ ನಂದೇ. ಎಂತ ಇಲ್ಲ, ಹತ್ತೇ ನಿಮಿಷ."

ಮನೆಯವರು ಇಟ್ಟ ಹೆಸರು ಏನೇ ಇರಲಿ, ಅವನನ್ನು ನಾವು ಹತ್ನಿಮಿಷ ಎಂದೇ ಕರೆಯೋಣ. ಇಂಥವರು ಈಗ ನಮ್ಮ ಕಡೆ ಓಣಿಗೊಬ್ಬರು. ಹಿಂದೆ ಈ ತಳಿ ಇರಲಿಲ್ಲ. ಆಗ ಗಂಡ ಮುಂಬೈಯಲ್ಲಿ, ಹೆಂಡತಿ ಅಂಕೋಲೆಯಲ್ಲಿ. ಮೇ ತಿಂಗಳಲ್ಲಿ ರಜೆ ಹಾಕಿ ಬಂದವನಿಗೆ ಹೊತ್ತು ಹೊತ್ತಿಗೆ ಮೀನು ಸಾರು, ಹೊತ್ತಲ್ಲದ ಹೊತ್ತಿಗೆ ಮಾವಿನಹಣ್ಣು. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ತಿಳಿಯುವ ಮೊದಲೇ ರಜೆ ಮುಗಿದು ಹೋಗುತ್ತಿತ್ತು. ಈಗ ಗಂಡ ಹೆಂಡತಿ ಇಬ್ಬರೂ ಇಲ್ಲೇ, ಒಂದೇ ಸೂರಿನಡಿ. ಗಡಿಯಾರ ಮಾತ್ರ ಎರಡು.

ಅವನಿಗೆ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ಅರ್ಗಾದ ನೌಕಾನೆಲೆಯಲ್ಲೋ ಶಿರವಾಡದ ರೈಲು ನಿಲ್ದಾಣದಲ್ಲೋ ಇದ್ದರೂ ಕಥೆ ಬದಲಾಗದು. ಅವಳು ಅಂಕೋಲೆಯ ಬ್ಯಾಂಕಿನಲ್ಲಿ. ಬಾಡಿಗೆ ಮನೆ ಕಾರವಾರದಲ್ಲಿ. ಅವನದು ಬೆಳಗಿನ ಪಾಳಿಯಾದರೆ ಅವಳು ಏಳುವಷ್ಟರಲ್ಲಿ ಅವನಿಲ್ಲ. ಮಧ್ಯಾಹ್ನದ್ದಾದರೆ ಅವಳು ಮಲಗಿದ ಮೇಲೆ ಬರುತ್ತಾನೆ. ರಾತ್ರಿ ಪಾಳಿಯ ವಾರದಲ್ಲಿ ಇಬ್ಬರೂ ಭೇಟಿಯಾಗುವುದು ಬೆಳಿಗ್ಗೆ ಬಾಗಿಲಲ್ಲಿ, ಅವಳು ಚಪ್ಪಲಿ ಹಾಕುವಾಗ ಅವನು ಬೂಟು ಬಿಚ್ಚುತ್ತ. ಆಗ ಆಡುವ ಮಾತು ಒಂದೇ: "ದೋಸೆ ಹಿಟ್ಟು ಹೊರಗಿಟ್ಟಿದ್ದೆ, ಒಳಗಿಡಿ."

ಟ್ಯಾಗೋರ್ ಕಡಲತೀರ ಮನೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿಗೆ ಜೋಡಿಯಾಗಿ ಹೋಗಲು ಇಬ್ಬರ ವಾರದ ರಜೆಯೂ ಒಂದೇ ದಿನ ಬರಬೇಕು, ಗ್ರಹಣ ಹಿಡಿಯುವುದು ಇದಕ್ಕಿಂತ ಹೆಚ್ಚು. 1883ರಲ್ಲಿ ಇದೇ ಊರಿಗೆ ಬಂದಾಗ ರವೀಂದ್ರನಾಥ ಟ್ಯಾಗೋರರು 22ರ ತರುಣ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ತಮ್ಮ ಸಮುದ್ರ ನೋಡಿದರು, ನಾಟಕ ಬರೆದರು, ಅದೇ ಡಿಸೆಂಬರಿನಲ್ಲಿ ಮದುವೆಯನ್ನೂ ಆದರು. ಸಾರಿಗೆ ಮೆಣಸು ಎಷ್ಟು ಎಂದು ಅವರು ಯಾರಿಗೂ ಪತ್ರ ಬರೆದ ಹಾಗೆ ಕಾಣೆ.

ಹತ್ನಿಮಿಷನಿಗೆ ಆ ಚಿಂತೆ ಇದೆ. ಆದರೆ ಧೈರ್ಯಕ್ಕೆ ಕೊರತೆಯಿಲ್ಲ. "220 ಮೆಗಾವಾಟಿನ ನಾಲ್ಕು ಘಟಕ ನಡೆಸೂ ಜಾಗದಲ್ಲಿ ಕೆಲಸ ಮಾಡ್ತೆ, ಎರಡು ಬರ್ನರಿನ ಒಲೆ ಯಾವ ಲೆಕ್ಕ?" ಎನ್ನುತ್ತಾನೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲುವ ಮೊದಲು 962 ದಿನ ಒಂದೇ ಸಮ ನಡೆದು ಆಗಿನ ವಿಶ್ವದಾಖಲೆ ಬರೆದದ್ದನ್ನು ಹೆಂಡತಿಯ ಕಡೆಯ ನೆಂಟರಿಗೆಲ್ಲ ಹೇಳಿದ್ದಾನೆ. ಆ ದಾಖಲೆ ಆಮೇಲೆ ಕೆನಡಾದ ಪಾಲಾಯಿತು ಎಂಬುದನ್ನು ಯಾರಿಗೂ ಹೇಳಿಲ್ಲ. ಅವಳು ಒಮ್ಮೆ ಎಲ್ಲರೆದುರೇ ಅಂದಳು: "ಅದೆಲ್ಲ ಸರಿ. ಮೂರು ಸೀಟಿಗೆ ಕುಕ್ಕರ್ ಆಫ್ ಮಾಡಿ ಅಂದ್ರೆ ನೀವು ಎಣಿಸ್ತಾ ನಿದ್ದೆ ಹೋಗ್ತ್ರಿ."

ನಿಜ ಹೇಳಬೇಕೆಂದರೆ ಹತ್ತು ನಿಮಿಷ ಎನ್ನುವುದು ಸುಳ್ಳಲ್ಲ. ನಮ್ಮ ಕರಾವಳಿಯ ಅಡುಗೆ ಮೂಲತಃ ಅವಸರದವರ ಅಡುಗೆ. ಬಂಗಡೆ ಸಾರನ್ನೇ ನೋಡಿ. ತೆಂಗಿನತುರಿ, ಬ್ಯಾಡಗಿ ಮೆಣಸು, ನಾಲ್ಕು ಕಾಳು ಕೊತ್ತಂಬರಿ, ಅರಿಶಿನ, ಹುಣಸೆ ಸೇರಿಸಿ ನುಣ್ಣಗೆ ರುಬ್ಬಬೇಕು. ನೀರು ಬಿಟ್ಟು ಕುದಿಯಲು ಇಡಬೇಕು. ಕುದಿ ಬಂದಾಗ ಮೀನು, ಉಪ್ಪು, ಜಜ್ಜಿದ ನಾಲ್ಕು ಜುಮ್ಮನಕಾಯಿ. ಐದಾರು ನಿಮಿಷಕ್ಕೆ ಬಂಗಡೆ ಬೆಂದಿರುತ್ತದೆ, ಇನ್ನೂ ಕುದಿಸಿದರೆ ಮುಳ್ಳೊಂದು ಕಡೆ, ಮೀನೊಂದು ಕಡೆ. ಇಳಿಸಿದ ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಒಗ್ಗರಣೆ ಇಲ್ಲ, ಈರುಳ್ಳಿ ಬಾಡಿಸುವ ಪಂಚಾಯಿತಿ ಇಲ್ಲ. ಪಂಜಾಬಿ ಗ್ರೇವಿಯ ವಿಡಿಯೋ ನೋಡಿ ಮುಕ್ಕಾಲು ತಾಸು ಟೊಮೆಟೊ ಹುರಿಯುವ ಬೆಂಗಳೂರಿನ ನವದಂಪತಿಗಳ ಮೇಲೆ ನನಗೆ ಕನಿಕರವಿದೆ.

ತಕರಾರು ಇರುವುದು ಹತ್ನಿಮಿಷನ ಗಡಿಯಾರ ಚಾಲೂ ಆಗುವ ಜಾಗದಲ್ಲಿ. ಒಲೆ ಹಚ್ಚಿದಲ್ಲಿಂದ ಅವನ ಲೆಕ್ಕ. ಅದಕ್ಕೂ ಮೊದಲು ಮೀನಿನ ಬಾಯಿ ಈಳಿಗೆಮಣೆಯ ಮೇಲೆ ಕೂತು ತಲೆ ತೆಗೆದು, ಹೊಟ್ಟೆ ಸೀಳಿ, ಎರಡೆರಡು ಹೋಳು ಮಾಡಿದ್ದು ಲೆಕ್ಕಕ್ಕಿಲ್ಲ. ಹೆಂಡತಿ ನಿನ್ನೆ ರಾತ್ರಿ ಟೀವಿ ನೋಡುತ್ತ ಎರಡು ಕಾಯಿ ತುರಿದು ಡಬ್ಬಿಯಲ್ಲಿಟ್ಟದ್ದು ಲೆಕ್ಕಕ್ಕಿಲ್ಲ. ಅಂಕೋಲೆಯಲ್ಲಿ ಅತ್ತೆ ಮಸಾಲೆ ರುಬ್ಬಿ ಹಾರ್ಲಿಕ್ಸ್ ಬಾಟಲಿಗೆ ತುಂಬಿದ್ದು, ಬ್ಯಾಂಕು ಮುಗಿಸಿದ ಮಗಳು ತವರಿಗೆ ಹಣಕಿ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು, ಮೊದಲೇ ಲೆಕ್ಕಕ್ಕಿಲ್ಲ. ಅವನ ಸ್ವಂತ ತಾಯಿ ಬೇಸಿಗೆಯಲ್ಲಿ ಮುರುಗಲ ಸಿಪ್ಪೆಗೆ ಉಪ್ಪು ಹಚ್ಚಿ, ಕಾಗೆ ಕಾಯುತ್ತ ಒಣಗಿಸಿ ಕಳಿಸಿದ್ದೂ ಅಷ್ಟೇ. ನಾಲ್ಕು ಹೆಂಗಸರ ಕೆಲಸ ಮುಗಿದಲ್ಲಿ ಇವನ ಹತ್ತು ನಿಮಿಷ ಶುರು. ಪಾತ್ರೆಯ ವಿಷಯ ಆಮೇಲೆ.

ಮನೆಯ ಆಡಳಿತವೆಲ್ಲ ಫ್ರಿಜ್ಜಿನ ಬಾಗಿಲ ಮೇಲೆ ನಡೆಯುತ್ತದೆ. ಬ್ಯಾಂಕಿನ ಹಳೇ ಚಲನ್ನಿನ ಬೆನ್ನಿಗೆ ಅವಳ ಗುಂಡು ಅಕ್ಷರ: "ನೀಲಿ ಮುಚ್ಚಳ ಇವತ್ತಿಗೆ. ಹಸಿರು ನಾಳೆಗೆ. ಸ್ಟೀಲಿಂದು ಮುಟ್ಟಬೇಡಿ." ಕೆಳಗೆ ಇವನ ವಕ್ರ ಅಕ್ಷರ: "ಸ್ಟೀಲಿಂದು ಮುಟ್ಟಿದೆ. ಚೊಲೋ ಇತ್ತು." ಒಂದು ದಿನದ ಚೀಟಿ ಹೀಗಿತ್ತು: "ಸಾರು ಬಿಸಿ ಮಾಡಿ. ಅದರ ಹಿಂದೆ ಕಡಿ ಅದೆ." ಕಡಿಯನ್ನು ಏನು ಮಾಡಬೇಕೆಂದು ಬರೆದಿರಲಿಲ್ಲ, ಅದು ಬರೆಯುವ ವಿಷಯವೂ ಅಲ್ಲ. ಮುರುಗಲ ರಸಕ್ಕೆ ಕಾಯಿಹಾಲು ಸೇರಿಸಿ, ಬೆಳ್ಳುಳ್ಳಿ ಹಸಿಮೆಣಸು ಜಜ್ಜಿ ಹಾಕಿದ ಸೋಲ್‌ಕಡಿಯನ್ನು ತಣ್ಣಗೇ ಕುಡಿಯಬೇಕೆಂದು ಕಾರವಾರದಲ್ಲಿ ಶಾಲೆಗೆ ಹೋಗದ ಮಕ್ಕಳಿಗೂ ಗೊತ್ತು. ಇವನು ಮಧ್ಯರಾತ್ರಿ ಬಂದು ಅದನ್ನು ಒಲೆಗಿಟ್ಟು ಮಳ್ಳಿಸಿದ. ಹಾಲು ಒಡೆಯಿತು. ಒಡೆದ ಗುಲಾಬಿ ನೀರನ್ನು ಹೊಸ ನಮೂನೆಯ ರಸಂ ಎಂದುಕೊಂಡು ಅನ್ನಕ್ಕೆ ಹಾಕಿ ಉಂಡು, ಚೀಟಿಯಲ್ಲಿ ಬರೆದಿಟ್ಟ: "ರಸಂ ಸ್ವಲ್ಪ ನೀರು."

ಫೋನಿನಲ್ಲಿ ಕೇಳಬಹುದಲ್ಲ ಎನ್ನುತ್ತೀರಿ. ಕೇಳುತ್ತಾನೆ. ಅವಳ ಬಸ್ಸು ಅವರ್ಸಾ, ಹಾರವಾಡ, ಅಮದಳ್ಳಿ ದಾಟಿ ಬಿಣಗಾದ ಹತ್ತಿರ ಬರುವ ಹೊತ್ತಿಗೇ ಇವನಿಗೆ ಸಂಶಯ ಹುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಲ್ಲಿ ಸುರಂಗ ಕೊರೆದಿದ್ದಾರೆ, ಬಸ್ಸು ಅದರೊಳಗೆ ಹೊಕ್ಕರೆ ಫೋನು ಕಟ್ಟು. ಒಂದು ಸಂಜೆ ಅತ್ತೆಯ ಬಾಟಲಿ ಖಾಲಿಯಾಗಿ, ಸ್ವಂತ ಮಸಾಲೆ ರುಬ್ಬುವ ಪ್ರಸಂಗ ಬಂತು.

"ಮೆಣಸು ಎಷ್ಟು?"

"ಬ್ಯಾಡಗಿ ಆದ್ರೆ ಎಂಟು ಹಾಕಿ. ಆ ಗಿಡ್ಡ ಮೆಣಸಿಂದು ಖಾರ ಜಾಸ್ತಿ, ಅದು ಎಂಟು ಹಾಕ್..."

ಬಸ್ಸು ಸುರಂಗ ಹೊಕ್ಕಿತು. "ಬೇಡಿ" ಎಂಬ ಎರಡಕ್ಷರ ಗುಡ್ಡದೊಳಗೇ ಉಳಿಯಿತು. ಹತ್ನಿಮಿಷ ಶಿಸ್ತಿನ ಮನುಷ್ಯ, ಹೇಳಿದ್ದಷ್ಟನ್ನೇ ಮಾಡುವವನು. ಎಂಟು ಬ್ಯಾಡಗಿ, ಎಂಟು ಗಿಡ್ಡ. ಆ ರಾತ್ರಿ ಇಬ್ಬರೂ ಊಟ ಮಾಡಿದ್ದು ಮೊಸರವಲಕ್ಕಿ. ಮಾಡಲು ಎರಡೇ ನಿಮಿಷ ಹಿಡಿದರೂ ಅದನ್ನು ಅವನು ಇವತ್ತಿಗೂ ಎಲ್ಲೂ ಹೇಳಿಕೊಂಡಿಲ್ಲ.

ಇನ್ನೊಮ್ಮೆ ರಾತ್ರಿ ಪಾಳಿ ಮುಗಿಸಿ ಬರುವಾಗ ಒಂದು ಚೀಲ ಬೆಳಚು ತಂದ. ಚಿಪ್ಪಿನ ಸುಕ್ಕಾ ಹೋಟೆಲಿನಲ್ಲಿ ಹತ್ತು ನಿಮಿಷಕ್ಕೆ ತಟ್ಟೆಗೆ ಬರುತ್ತದೆ, ಮನೆಯಲ್ಲಿ ಯಾಕೆ ಬಾರದು? ಅದನ್ನು ಮೂರು ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಒಂದೊಂದೇ ಹಿಡಿದು ಬಾಯಿ ಬಿಡಿಸಬೇಕು, ಮಾಂಸ ಒಂದು ಹೋಳಿಗೆ ಬರುವ ಹಾಗೆ ನೋಡಿಕೊಂಡು ಇನ್ನೊಂದನ್ನು ಬಿಸಾಡಬೇಕು. ಚೀಲದಲ್ಲಿ ನೂರಾರು ಇದ್ದವು. ಅವಳು ಬ್ಯಾಂಕಿಗೆ ಅರ್ಧ ದಿನ ರಜೆ ಹೇಳಿದಳು. ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಹನ್ನೊಂದು ಗಂಟೆಯ ತನಕ ಚಿಪ್ಪು ಬಿಡಿಸಿದರು. ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಒಟ್ಟಿಗೆ ಕುಳಿತದ್ದು ಅದೇ ಮೊದಲು ಎಂದು ಮನೆ ಮಾಲೀಕರ ಹೆಂಡತಿ ಕಿಟಕಿಯಿಂದ ನೋಡಿ ಹೇಳಿದರು. ಅವರಿಗೆ ಬೇರೆ ಕೆಲಸವೂ ಇರಲಿಲ್ಲ.

ಮಳೆಗಾಲದಲ್ಲಿ ಹತ್ನಿಮಿಷನಿಗೆ ಪರೀಕ್ಷೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಸರ್ಕಾರದ ನಿಷೇಧ. ಅದು ಮುಗಿಯಿತು ಎನ್ನುವಷ್ಟರಲ್ಲಿ ಶ್ರಾವಣ, ಅದು ಅತ್ತೆಯ ನಿಷೇಧ. ಚೌತಿ ಕಳೆಯುವವರೆಗೆ ಮೀನಿನ ಸುದ್ದಿ ಎತ್ತಬಾರದು. ಸರ್ಕಾರದ ಕಣ್ಣು ತಪ್ಪಿಸಿದವರುಂಟು, ಅತ್ತೆಯ ಕಣ್ಣು ತಪ್ಪಿಸಿದವರಿಲ್ಲ.

ಮೊದಲ ಅವಧಿಯನ್ನು ಅವನು ಒಣ ಶೆಟ್ಲಿಯಿಂದ, ಅಂದರೆ ಒಣ ಸೀಗಡಿಯಿಂದ, ಕಳೆಯಲು ನೋಡಿದ. ಶೆಟ್ಲಿ ಹುರಿದು, ಕಾಯಿ, ಮೆಣಸು, ಹುಣಸೆ, ಹಸಿ ಈರುಳ್ಳಿ ಸೇರಿಸಿ ಚಟ್ನಿ ಮಾಡಿದರೆ ಕುಚ್ಚಲಕ್ಕಿ ಗಂಜಿಗೆ ಅದರ ಮುಂದೆ ಮತ್ತೊಂದಿಲ್ಲ. ಇದೂ ಹತ್ತೇ ನಿಮಿಷ. ಆದರೆ ಹೊರಗೆ ಧೋ ಎಂದು ಮಳೆ, ಕಿಟಕಿ ತೆರೆಯುವ ಹಾಗಿಲ್ಲ, ಮಾಲೀಕರು ಸಸ್ಯಾಹಾರಿಗಳು. ವಾಸನೆ ಮೆಟ್ಟಿಲು ಇಳಿದು ಅವರ ದೇವರ ಕೋಣೆಯವರೆಗೆ ಹೋಗಿ ಬಂತು. ಮಾರನೆಯ ದಿನ ಬಾಡಿಗೆ ಕರಾರಿನ ಪ್ರತಿ ತೆಗೆದುಕೊಂಡು ಮಾಲೀಕರು ಮೇಲೆ ಬಂದರು. ಅಂದಿನಿಂದ ತಂಬಳಿ. ಹಿತ್ತಿಲ ಒಂದೆಲಗ ಒಂದು ಮುಷ್ಟಿ, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿ, ಮಜ್ಜಿಗೆ. ರುಬ್ಬಿದರೆ ಮುಗಿಯಿತು, ಒಲೆಯೇ ಬೇಡ. ಒಲೆ ಹಚ್ಚದ ಅಡುಗೆಗೆ ಗಡಿಯಾರ ಯಾವಾಗ ಶುರು ಮಾಡಬೇಕೆಂದು ತಿಳಿಯದೆ ಅವನು ಆ ಎರಡು ತಿಂಗಳು ಸ್ವಲ್ಪ ಮೌನಿಯಾಗಿದ್ದ.

ಚೌತಿ ಮುಗಿದ ವಾರ ಅತ್ತೆಯೇ ಕಾರವಾರಕ್ಕೆ ಬಂದರು. ಮಗಳು ಬ್ಯಾಂಕಿನಲ್ಲಿ, ಅಳಿಯನಿಗೆ ಮಧ್ಯಾಹ್ನದ ಪಾಳಿ. "ನೀವು ಕೂತ್ಕಳಿ ಅತ್ತೆ, ಇವತ್ತು ನನ್ನ ಕೈ ಊಟ. ಹತ್ತೇ ನಿಮಿಷ" ಎಂದು ಬಂಗಡೆಯ ಪೊಟ್ಟಣ ಬಿಚ್ಚಿದ. ಅವಸರದಲ್ಲಿ ಕೊಯ್ಯಿಸದೆ ತಂದಿದ್ದ. ಅತ್ತೆ ಏನೂ ಅನ್ನಲಿಲ್ಲ. ಸೆರಗು ಸಿಕ್ಕಿಸಿ ಈಳಿಗೆಮಣೆ ಎಳೆದುಕೊಂಡರು. ಅವನು ಮಿಕ್ಸಿಯ ಮುಚ್ಚಳ ಹುಡುಕುವಷ್ಟರಲ್ಲಿ ಮೀನು ಹಸನಾಗಿತ್ತು, ಕಾಯಿ ತುರಿದಾಗಿತ್ತು, ಜುಮ್ಮನಕಾಯಿ ಜಜ್ಜಿ ಒಂದು ಬದಿಗಿತ್ತು. ಅವನು ಒಲೆ ಹಚ್ಚಿದ. ಸೌಟು ಹಿಡಿದು ನಿಂತ.

"ಉಪ್ಪು ಎಷ್ಟು ಹಾಕಲಿ ಅತ್ತೆ? ಒಂದು ಚಮಚ ಸಾಕಲ್ಲ?"

ಉಪ್ಪಿನ ವಿಷಯದಲ್ಲಿ ಅಂಕೋಲೆಯವರನ್ನು ಕೇಳುವಾಗ ಯಾರಾದರೂ ಸ್ವಲ್ಪ ತಗ್ಗಿ ಬಗ್ಗಿ ಕೇಳಬೇಕು. 1930ರಲ್ಲಿ ಉಪ್ಪು ಮಾಡಿ ಬ್ರಿಟಿಷರನ್ನೇ ಎದುರು ಹಾಕಿಕೊಂಡ ಊರು ಅದು. ಅತ್ತೆ ಚಮಚ ಆಚೆ ಸರಿಸಿ, ಮೂರು ಬೆರಳಲ್ಲಿ ಹರಳುಪ್ಪು ತೆಗೆದು ಹಾಕಿ, ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡಿದರು. ಸಾರು ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ. ಅಳಿಯ ಎರಡು ಸಲ ಅನ್ನ ಹಾಕಿಸಿಕೊಂಡ. ಮೊಬೈಲ್ ನೋಡಿ, "ನೋಡಿ, ಒಂಬತ್ತೇ ನಿಮಿಷ ಆಯ್ತು" ಎಂದ.

"ಹೌದಪ್ಪ, ಅಳಿಯಂದ್ರ ಕೈ ಭಾರೀ ಚುರುಕು," ಎಂದರು ಅತ್ತೆ. ಮಸಾಲೆ ಮೆತ್ತಿದ ಮಿಕ್ಸಿ, ಮೀನಿನ ಹೊಲಸು ತುಂಬಿದ ಸಿಂಕು, ತಳ ಹಿಡಿದ ಅನ್ನದ ಪಾತ್ರೆ ಎಲ್ಲವನ್ನೂ ಒಂದು ಸುತ್ತು ನೋಡಿದರು. "ಇದು ತೊಳೆಯೂಕೆ ಎಷ್ಟು ನಿಮಿಷ?"

ಕೈಗಾದ ಬಸ್ಸು ಬರಲು ಇನ್ನೂ ಮುಕ್ಕಾಲು ತಾಸಿತ್ತು. ಹತ್ನಿಮಿಷ ಆಗಲೇ ಬೂಟು ಹಾಕಿ, ಐಡಿ ಕಾರ್ಡು ಕೊರಳಿಗೆ ತೂಗಿಸಿಕೊಂಡು ರಸ್ತೆಯಲ್ಲಿ ನಿಂತಿದ್ದ.