ವೋಚರ್ ಮಾವ

ಗಣೇಶನ ಹಬ್ಬ ಇನ್ನೂ ಇಪ್ಪತ್ತು ದಿನ ಇರುವಾಗಲೇ ಹೊಸಪೇಟೆಯ ನಮ್ಮ ಓಣಿಯ ಹುಡುಗರು ಪಟ್ಟಿ, ಅಂದರೆ ಚಂದಾ, ಎತ್ತಲು ಹೊರಡುತ್ತಾರೆ. ಒಂದೊಂದು ಮನೆಗೆ ಎರಡು ನಿಮಿಷ ಸಾಕು. ವೋಚರ್ ಮಾವನ ಮನೆಗೆ ಮಾತ್ರ ಮುಕ್ಕಾಲು ಗಂಟೆ ಬೇಕು. ಅದಕ್ಕೇ ಆ ಮನೆಯನ್ನು ಕೊನೆಗಿಟ್ಟುಕೊಂಡು, ಹೊಟ್ಟೆತುಂಬ ವಗ್ಗರಣಿ ಮಿರ್ಚಿ ತಿಂದೇ ಹೋಗುತ್ತಾರೆ.

ಮಾವ ಕೊಡುವುದು 51 ರೂಪಾಯಿ. ಕೇಳುವುದು ಪೂರ್ತಿ ಹಬ್ಬದ ಲೆಕ್ಕ.

“ಹೋದ ವರ್ಷದ ಪೆಂಡಾಲಿನ ಬಿಲ್ ಎಲ್ಲೈತೆ ತಮ್ಮಾ?”

“ಪೆಂಡಾಲ್ ಹಾಕಿದ್ದು ನಮ್ಮ ದೋಸ್ತೇ ಮಾವ, ಬಿಲ್ ಗಿಲ್ ಕೊಡಂಗಿಲ್ಲ.”

“ಬಿಲ್ ಇಲ್ಲಂದ್ರ ವೋಚರ್ ಬರಸ್ಕೋಬೇಕು. ಸ್ಟಾಂಪ್ ಹಚ್ಚಿ ಸಹಿ ತಗೋಬೇಕು. ದೋಸ್ತಿ ಬ್ಯಾರೆ, ಬಾಕಿ ಬ್ಯಾರೆ.”

ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ಬರೆಯಲು, ಕೆಂಪಿನದು ಇನ್ನೊಬ್ಬರು ಬರೆದದ್ದಕ್ಕೆ ಗುರುತು ಹಾಕಲು. ಕೆಂಪಿನ ರೀಫಿಲ್ಲೇ ಬೇಗ ಮುಗಿಯುತ್ತದೆ. ಸಭೆಗೆ ಬಂದರೆ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿ ಹಿಡಿಯುತ್ತಾರೆ. ಅಧ್ಯಕ್ಷರು ಕೈ ಮುಗಿದು, ಜನ ಚಪ್ಪಲಿ ಹುಡುಕಲು ತೊಡಗಿದಾಗ ಎದ್ದು ನಿಂತು, “ಒಂದೇ ಒಂದು ಸಣ್ಣ ವಿಷಯ” ಎನ್ನುತ್ತಾರೆ. ಜನ ಚಪ್ಪಲಿ ಬಿಟ್ಟು ಮತ್ತೆ ಕೂರುತ್ತಾರೆ. ಕಂಪ್ಲಿಯ ಗೊಬ್ಬರದ ಸೊಸೈಟಿಯಲ್ಲೋ ಸಂಡೂರಿನ ಗುಡಿ ಕಟ್ಟೆಯ ಮೇಲೋ ಇಂಥವರನ್ನು ನೀವೂ ಕಂಡಿರುತ್ತೀರಿ. ಕಂಡಿಲ್ಲವೆಂದರೆ ಅದು ನೀವೇ ಆಗಿರುವ ಸಂಭವವಿದೆ.

2023ರ ಜುಲೈಯಲ್ಲಿ ಮಾವನ ಅದೃಷ್ಟ ಖುಲಾಯಿಸಿತು. ಹಂಪಿಗೆ ಜಿ-20 ಬಂತು. 9ರಿಂದ 12ರವರೆಗೆ ಸಂಸ್ಕೃತಿಯವರ ಸಭೆ, 13ರಿಂದ 16ರವರೆಗೆ ಶೆರ್ಪಾಗಳ, ಅಂದರೆ ದೇಶದ ಮುಖ್ಯಸ್ಥರ ಪ್ರತಿನಿಧಿಗಳ, ಸಭೆ. ರಸ್ತೆಯುದ್ದಕ್ಕೂ ಪೊಲೀಸರು. ಊರಿನವರು ಯಾವ ದೇಶದವರು ಏನು ಉಟ್ಟಿದ್ದಾರೆ ಅಂತ ನೋಡಿದರೆ, ಮಾವ ಪೇಪರಿನ ನಾಲ್ಕು ಪುಟ ತಿರುವಿ ಒಂದೇ ಮಾತು ಕೇಳಿದರು: “ಇವರ ಪಟ್ಟಿ ಯಾರು ಎಷ್ಟು ಕೊಡ್ತಾರ?”

ಜಿ-20ಕ್ಕೆ ಪಟ್ಟಿಯೇ ಇಲ್ಲ, ಕಾಯಂ ಕಚೇರಿಯೂ ಇಲ್ಲ, ಆ ವರ್ಷದ ಪಾಳಿ ಯಾರದೋ ಅವರದೇ ಖರ್ಚು ಎಂದು ಮೊಮ್ಮಗ ಫೋನು ನೋಡಿ ಹೇಳಿದ. ಮಾವನ ಮುಖ ಸಪ್ಪಗಾಯಿತು. “ಅದು ಸಂಘ ಅಲ್ಲಪ, ಬೀಗರ ಊಟ.” ಆಫ್ರಿಕಾ ಒಕ್ಕೂಟವನ್ನು ಸೇರಿಸಿಕೊಳ್ಳುವ ಮಾತು ಕರಡಿಗೆ ಬಿದ್ದದ್ದು ಹಂಪಿಯ ಆ ಶೆರ್ಪಾಗಳ ಸಭೆಯಲ್ಲೇ, ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಅದು ಸೇರಿಯೂ ಆಯಿತು. ಅದಕ್ಕೂ ಮಾವ, “ಹೊಸ ಮೆಂಬರಿಗೆ ಪ್ರವೇಶ ಫೀ ಎಷ್ಟು?” ಎಂದೇ ಕೇಳಿದರು.

ಹಂಪಿಯ ಸಂಸ್ಕೃತಿಯವರ ಸಭೆಗೆಂದು ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳ ಕಸೂತಿ, 1755 ತುಂಡು, ಒಂದೇ ಕಡೆ ಹರವಿ ಗಿನ್ನೆಸ್ ದಾಖಲೆಯಾಯಿತು. ಊರು ಚಪ್ಪಾಳೆ ತಟ್ಟಿತು. ಮಾವ ಕೆಂಪು ಪೆನ್ನಿನಲ್ಲಿ 1755ಕ್ಕೆ ಗುರುತು ಹಾಕಿ, “ತುಂಡಿಗೆ ಎಷ್ಟು ಬಿತ್ತು ಅವರ ಕೈಗೆ?” ಅಂದರು. ಎಲ್ಲರಿಗೂ ಸಿಟ್ಟು ಬಂತು. ನನಗೂ ಬಂತು. ಮನೆಗೆ ಹೋದ ಮೇಲೆ ಮಾತ್ರ, ಹೌದಲ್ಲ, ಎಷ್ಟು ಬಿದ್ದಿರಬಹುದು ಅನ್ನಿಸಿತು. ಮಾವನ ಕಾಟವೇ ಇದು.

ಜಿ-20 ಕೈಕೊಟ್ಟ ಮೇಲೆ ಮಾವ ವಿಶ್ವಸಂಸ್ಥೆಗೆ ಕೈ ಹಾಕಿದರು. ಅಲ್ಲಿ ಪಟ್ಟಿ ಇದೆ, ಅದಕ್ಕೊಂದು ದೊಡ್ಡ ಲೆಕ್ಕವಿದೆ, ಲೆಕ್ಕ ಕೇಳಲಿಕ್ಕೆಂದೇ ಐದನೇ ಸಮಿತಿ ಎಂಬುದೊಂದಿದೆ, ಅದು ಕ್ರಿಸ್‌ಮಸ್ ಹತ್ತಿರ ಬಂದರೂ ಮುಗಿಯದೆ ರಾತ್ರಿಯೆಲ್ಲ ಕೂರುತ್ತದೆ ಎಂದು ತಿಳಿದಾಗ, ತವರಿನಿಂದ ಕಾಗದ ಬಂದ ಹಾಗೆ ಅರಳಿದರು.

ಅಲ್ಲಿನ ಪಟ್ಟಿಯ ಸೂತ್ರ ಅವರು ನಮಗೆ ಚಾದಂಗಡಿಯಲ್ಲಿ ಬಿಡಿಸಿ ಹೇಳಿದ್ದು ಹೀಗೆ. ದೇಶದ ವರಮಾನವನ್ನು ಹಿಂದಿನ 3 ವರ್ಷದ್ದೊಂದು, 6 ವರ್ಷದ್ದೊಂದು ಸರಾಸರಿ ತೆಗೆದು ನೋಡುತ್ತಾರೆ. “ನಮ್ಮ ಅದಿರು ಸಾವ್ಕಾರ್ರು ನೆನಪಿಲ್ಲೇನು? 2011ರ ಜುಲೈಯಾಗ ಸುಪ್ರೀಂ ಕೋರ್ಟು ಗಣಿ ನಿಲ್ಲಿಸ್ತು. ಆ ಗಣೇಶನ ಹಬ್ಬಕ್ಕೆ ಹುಡುಗ್ರು ಲಾರಿ ಓಡೋ ಕಾಲದ ರೇಟಿನ್ಯಾಗೇ ಪಟ್ಟಿ ಬರದ್ರು. ಸಾವ್ಕಾರ್ರು ಹೌಹಾರಿದ್ರು. ಸರಾಸರಿ ಅಂದ್ರ ಅದು.” ಸಾಲ ಇದ್ದವರಿಗೆ ಒಂದಿಷ್ಟು ಬಿಡುತ್ತಾರೆ. ತಲಾ ವರಮಾನ ಕಡಿಮೆಯಿದ್ದರೆ ಇನ್ನಷ್ಟು ಬಿಡುತ್ತಾರೆ. ಕಂಪ್ಲಿಯಲ್ಲಿ ನಲವತ್ತು ಎಕರೆ ಭತ್ತ ಇದ್ದರೂ ಉಣ್ಣುವ ಬಾಯಿ ಮೂವತ್ತಿದ್ದರೆ ಅವನು ಸಾವ್ಕಾರ ಹೇಗಾದಾನು? ಭಾರತದ ಕಥೆಯೂ ಅದೇ, ಪಾಲು 1 ಶೇಕಡಾ ಚಿಲ್ಲರೆ. ಎಷ್ಟೇ ಬಡ ದೇಶವಾದರೂ 0.001 ಶೇಕಡಾ ಕೊಡಲೇಬೇಕು, ಎಷ್ಟೇ ದೊಡ್ಡದಾದರೂ 22ರ ಮೇಲೆ ಕೊಡಬೇಕಿಲ್ಲ. ಆ 22ರ ಲಾಭ ಅಮೆರಿಕ ಒಂದಕ್ಕೇ.

“ಅಂದ್ರ ರಿಯಾಯಿತಿ ಶ್ರೀಮಂತನಿಗೂ ಐತೆ” ಎಂದು ಮಾವ ಚಾ ಬಸಿಗೆ ಸುರಿದರು. “ಬಡವಗೆ ಕೊಟ್ಟರ ದಾನ ಅಂತಾರ, ಶ್ರೀಮಂತಗೆ ಕೊಟ್ಟರ ನಿಯಮ ಅಂತಾರ.”

ವಿಶ್ವಸಂಸ್ಥೆಯ 2024ರ ಬಜೆಟ್ ಸುಮಾರು 359 ಕೋಟಿ ಡಾಲರ್. 0.001 ಶೇಕಡಾ ಅಂದರೆ 36 ಸಾವಿರ ಡಾಲರಿನ ಆಸುಪಾಸು. ಅಷ್ಟು ಕೊಟ್ಟ ದ್ವೀಪದವನಿಗೂ ಮಹಾಸಭೆಯಲ್ಲಿ ಒಂದೇ ವೋಟು, 22 ಕೊಟ್ಟವನಿಗೂ ಒಂದೇ ವೋಟು. ಈ ವಾಕ್ಯವನ್ನು ಮಾವ ಎರಡು ಸಲ ಓದಿಸಿ ಕೇಳಿದರು. ಜಗತ್ತಿನಲ್ಲಿ ತಮ್ಮ 51 ರೂಪಾಯಿಗೆ ನೆಲೆ ಇದೆ ಎಂದು ಮೊದಲ ಸಲ ಗೊತ್ತಾದಂತೆ ಕಂಡಿತು.

ಅವರಿಗೆ ತೀರಾ ಪ್ರಿಯವಾದ ಪ್ರಸಂಗ 2006ರದು. ಅದರ ಹಿಂದಿನ ಡಿಸೆಂಬರಿನಲ್ಲಿ ದೊಡ್ಡ ಪಾವತಿದಾರರು ಎರಡು ವರ್ಷದ ಬಜೆಟ್ಟಿಗೆ ಒಪ್ಪಿ, ಸದ್ಯಕ್ಕೆ 95 ಕೋಟಿ ಡಾಲರ್ ಮಾತ್ರ ಖರ್ಚು ಮಾಡಿ, ಸುಧಾರಣೆ ತೋರಿಸಿದರೆ ಉಳಿದದ್ದು ಎಂದು ಗಂಟಿಗೆ ಬೀಗ ಹಾಕಿಸಿದ್ದರು. ಸುಧಾರಣೆಯೆಂದರೆ, ದುಡ್ಡು ಮತ್ತು ಹುದ್ದೆಗಳ ಮೇಲೆ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರಿಗೆ ಹೆಚ್ಚು ಸ್ವಾತಂತ್ರ್ಯ. ಭಾರತವೂ ಇರುವ, ಬೆಳೆಯುತ್ತಿರುವ ದೇಶಗಳ ಗುಂಪು ಜಿ-77, ಆ ವರ್ಷ ಅದರ ಮುಂದಾಳು ದಕ್ಷಿಣ ಆಫ್ರಿಕಾ, ಒಪ್ಪಲಿಲ್ಲ. ಮ್ಯಾನೇಜರಿನ ಕೈಗೆ ಚಾವಿ ಕೊಟ್ಟರೆ ನಾಳೆ ಮ್ಯಾನೇಜರು ಯಾರ ಮಾತು ಕೇಳುತ್ತಾನೆ, ಹೆಚ್ಚು ಕೊಟ್ಟವನದೇ ತಾನೇ? ಬಜೆಟ್ ವಿಷಯವನ್ನು ಒಮ್ಮತದಲ್ಲೇ ಮುಗಿಸುವ ರೂಢಿ ಮುರಿದು ಏಪ್ರಿಲ್ 28ರಂದು ಐದನೇ ಸಮಿತಿಯಲ್ಲಿ ಮತಕ್ಕೆ ಹಾಕಿದರು. 108 ಜಿ-77ರ ಕಡೆ, 50 ಇನ್ನೊಂದು ಕಡೆ. ಬಜೆಟ್ಟಿನ 80 ಶೇಕಡಾಕ್ಕೂ ಹೆಚ್ಚು ಕೊಡುವವರು ಆ 50ರಲ್ಲೇ ಇದ್ದರು. ಜೂನ್ ಕೊನೆಗೆ ಬೀಗವೂ ಬಿಚ್ಚಿತು.

ಈ ಕಥೆಯನ್ನು ಮಾವ ಹಬ್ಬದ ಸಭೆಯಲ್ಲಿ ಎಷ್ಟು ಸಲ ಹೇಳಿದರೆಂದರೆ, ಡಿಜೆ ಬೇಕೆನ್ನುವ ಹುಡುಗರಿಗೆಲ್ಲ 108–50 ಬಾಯಿಪಾಠವಾಯಿತು. ಅವರೂ ಒಂದು ಲಕ್ಷ ಕೊಡುವ ಸಾವ್ಕಾರರಿಗೆ ಎದುರಾಗಿ ವೋಟು ಕೇಳತೊಡಗಿದರು. ಸಾವ್ಕಾರರು, “ಹಂಗಾದ್ರ ನಾ ಸಂಘ ಬಿಡ್ತೀನಿ” ಅಂದರು.

“ಬಿಡ್ಲಿ, ಬರ್ತಾರ” ಎಂದರು ಮಾವ. ಯುನೆಸ್ಕೊವನ್ನು ಅಮೆರಿಕ 1984ರಲ್ಲಿ ಬಿಟ್ಟು 2003ರಲ್ಲಿ ಬಂತು. ಪ್ಯಾಲೆಸ್ಟೀನನ್ನು ಸೇರಿಸಿಕೊಂಡರೆಂದು 2011ರಲ್ಲಿ ಪಟ್ಟಿ ಕೊಡುವುದು ನಿಲ್ಲಿಸಿ, 2018ರ ಕೊನೆಗೆ ಮತ್ತೆ ಬಿಟ್ಟಿತು. ಮರಳಿ ಬಂದದ್ದು 2023ರ ಜುಲೈ, ಇಲ್ಲಿ ಹಂಪಿಯಲ್ಲಿ ಸಂಸ್ಕೃತಿಯವರು ಸಭೆ ಮಾಡುತ್ತಿದ್ದ ಅದೇ ವಾರ! (2025ರ ಜುಲೈಯಲ್ಲಿ ಮತ್ತೆ ಬಿಡುವುದಾಗಿ ಸಾರಿತು. ಆ ಸುದ್ದಿ ಬಂದ ದಿನ ಮಾವ ಸಾವ್ಕಾರರ ಮನೆ ಮುಂದೆ ಸುಮ್ಮಸುಮ್ಮನೆ ಎರಡು ಸಲ ಹಾದುಹೋದರು.)

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಊರಿಗೆ ಊರೇ ಹರಿದುಹೋಗುವ ನೀರಿಗೆ ಮರುಗುತ್ತಿದ್ದರೆ ಮಾವ, ಬೋರ್ಡು ಮೂರು ರಾಜ್ಯದ್ದು, ಹೊಸ ಗೇಟಿನ ಖರ್ಚು ಯಾವ ರಾಜ್ಯದ ಪಾಲಿಗೆ ಎಷ್ಟು ಎಂದು ಚೀಟಿಯ ಮೇಲೆ ಗೀಚುತ್ತಿದ್ದರು. ಹುಡುಗರಿಗೆ ಅಲ್ಲಿಗೆ ತಾಳ್ಮೆ ತಪ್ಪಿತು.

ಅವರಿಗೊಂದು ಉಪಾಯ ಹೊಳೆಯಿತು. ಅದನ್ನೂ ಮಾವನೇ ಕಲಿಸಿದ್ದು. ವಿಶ್ವಸಂಸ್ಥೆಯ ಸನ್ನದಿನ 19ನೇ ವಿಧಿ: ಎರಡು ವರ್ಷದ ಪಟ್ಟಿ ಬಾಕಿ ಬಿದ್ದರೆ ಮಹಾಸಭೆಯಲ್ಲಿ ವೋಟು ಇಲ್ಲ. “ಮಾವನ ಮನೆಗೆ ಹೋಗೋದೇ ಬ್ಯಾಡ. ಎರಡು ವರ್ಷ ಪಟ್ಟಿ ಕೇಳಲಿಲ್ಲಂದ್ರ ಮಾತಾಡೋ ಹಕ್ಕೇ ಇರಂಗಿಲ್ಲ!” ಆ ವರ್ಷ ಪಟ್ಟಿ ಪುಸ್ತಕ ಮಾವನ ಬಾಗಿಲು ದಾಟಿ ಮುಂದೆ ಹೋಯಿತು. ಮುಕ್ಕಾಲು ಗಂಟೆ ಉಳಿಯಿತು. ಹುಡುಗರಿಗೆ ಅದನ್ನೇನು ಮಾಡಬೇಕೆಂದು ತಿಳಿಯಲಿಲ್ಲ.

ಗಣೇಶ ಕೂತ ಎರಡನೇ ದಿನ ಸಂಜೆ ಮಾವ ಇಸ್ತ್ರಿ ಅಂಗಿ ತೊಟ್ಟು ಪೆಂಡಾಲಿಗೆ ಬಂದರು. ಕೈಯಲ್ಲಿ ಲಕೋಟೆ. ಒಳಗೆ 51 ರೂಪಾಯಿ, ಮೇಲೆ ಮುಂದಿನ ವರ್ಷದ್ದೆಂದು ಇನ್ನೊಂದು 51. ಖಜಾಂಚಿ ಹುಡುಗ ಕಣ್ಣೆತ್ತದೆ ರಸೀದಿ ಹರಿದು ಕೊಟ್ಟ. ಮಾವ ಕನ್ನಡಕ ಏರಿಸಿ ಅದನ್ನು ಓದಿದರು. ಆಮೇಲೆ ಟೇಬಲ್ ಮೇಲಿದ್ದ ಪುಸ್ತಕದ ಅಡಿಪ್ರತಿಗಳನ್ನು ಒಂದೊಂದಾಗಿ ತಿರುವಿ, ಜೇಬಿನಿಂದ ಕೆಂಪು ಪೆನ್ನು ತೆಗೆದರು.

“47 ಆದ ಮ್ಯಾಲೆ 49 ಐತಲ್ಲ ತಮ್ಮಾ. 48 ಎಲ್ಲಿಗೆ ಹೋತು?”